ಕಥೆ ಮತ್ತು ನಿರ್ಣಯ: ಶ್ರೀಮದಾಚಾರ್ಯರ ಚರಿತ್ರೆಯಲ್ಲೊಂದು ಪಾಠ

ನಾವು ನಂಬಿರುವುದೆಲ್ಲ ಹಿರಿಯರು ಹೆಣೆದ ಕಥೆಗಳೇ ಅಲ್ಲವೇ ಎಂದು ಪುರಾಣ ಪ್ರವಚನದ ತರುವಾಯ ಕಿರಿಯರು ಕೇಳುವುದುಂಟು. ಬಾಲ್ಯದಲ್ಲಿ ನಾವೂ ತೀರ್ಥರೂಪರ ಪುರಾಣದ ನಡುವೆ ಇಂಥದೇ ಪ್ರಶ್ನೆ ಕೇಳಿ ಬೈಸಿಕೊಂಡದ್ದುಂಟು. ಆದರೆ ಶ್ರೀಮಧ್ವಾಚಾರ್ಯರ ಚರಿತ್ರೆಯನ್ನು ಅವಲೋಕಿಸಿದರೆ ಪ್ರಶ್ನಿಸುವುದು ಅಪರಾಧವಲ್ಲವೆಂದು ತಿಳಿಯುತ್ತದೆ.

ಉಡುಪಿಯ ಸಮೀಪದ ಪಾಜಕದಲ್ಲಿ ಮಧ್ಯಗೇಹಭಟ್ಟರು ಮತ್ತು ವೇದವತಿಯವರ ಪುತ್ರರಾಗಿ ಆಚಾರ್ಯರು ಅವತರಿಸಿದರು. ಅದು 1238ನೆಯ ಇಸವಿಯೆಂಬುದು ಹಲವು ವಿದ್ವಾಂಸರ ಮತ. ಬಾಲ್ಯದ ಹೆಸರು ವಾಸುದೇವ. ಒಮ್ಮೆ ತಂದೆಯವರು ಪುರಾಣ ಹೇಳುತ್ತ, ಮರಗಳ ಹೆಸರುಗಳ ನಡುವೆ ‘ಲಿಕುಚ’ ಎಂಬ ಪದದ ಅರ್ಥವನ್ನು ಬಿಟ್ಟು ಮುಂದೆ ಸಾಗಿದರು. ಬಾಲಕನು ಸಭೆಯಲ್ಲಿಯೇ ಅದನ್ನು ಎತ್ತಿ ತೋರಿದನು. ಮತ್ತೊಬ್ಬ ಪೌರಾಣಿಕರು ಶಾಸ್ತ್ರವಿರುದ್ಧವಾದ ಅರ್ಥ ಹೇಳಿದಾಗಲೂ ಆತನು ಸುಮ್ಮನಿರಲಿಲ್ಲ. ಕೇಳಿದ ಕಥೆಗೆ ತಲೆದೂಗುವುದಷ್ಟೇ ಆಸ್ತಿಕ್ಯವಲ್ಲವೆಂಬುದಕ್ಕೆ ಇದು ನಿದರ್ಶನ.

ಅಚ್ಯುತಪ್ರೇಕ್ಷರಿಂದ ಸಂನ್ಯಾಸ ಪಡೆದು, ಬದರಿಯಾತ್ರೆ ಮಾಡಿ, ಉಡುಪಿಯಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿದ ಆಚಾರ್ಯರು ಮುಂದೆ ಕಥೆಗಳ ಸಾಗರವಾದ ಮಹಾಭಾರತವನ್ನೇ ಪರಿಶೀಲನೆಗೆ ಎತ್ತಿಕೊಂಡರು. 32 ಅಧ್ಯಾಯಗಳ ಮಹಾಭಾರತತಾತ್ಪರ್ಯನಿರ್ಣಯವೇ ಅದರ ಫಲ. ಗ್ರಂಥದಲ್ಲಿ ಕೆಲವರು ಹೊಸದನ್ನು ಸೇರಿಸಿದ್ದಾರೆ, ಕೆಲವರು ಇದ್ದುದನ್ನು ಕೈಬಿಟ್ಟಿದ್ದಾರೆ, ಕೆಲವೆಡೆ ಪಾಠ ಸ್ಥಾನಪಲ್ಲಟವಾಗಿದೆ ಎಂದು ಅವರು ಮರೆಮಾಚದೆ ತಿಳಿಸಿದರು. ನಡೆದ ವೃತ್ತಾಂತ, ಅದರಲ್ಲಡಗಿದ ಧರ್ಮ-ಭಕ್ತ್ಯಾದಿಗಳು, ಪ್ರತಿಪದವೂ ಸೂಚಿಸುವ ಶ್ರೀಹರಿ ಎಂದು ಭಾರತಕ್ಕೆ ಮೂರು ಬಗೆಯ ಅರ್ಥವನ್ನೂ ಹೇಳಿದರು. ಅವರ ದೃಷ್ಟಿಯಲ್ಲಿ ಕಥೆ ಸುಳ್ಳಲ್ಲ; ಬರಿಯ ಕಥೆಯೂ ಅಲ್ಲ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಪ್ರಮಾಣಗಳೇ ತತ್ತ್ವಕ್ಕೆ ಆಧಾರ. ಕಥೆಯು ಆ ತತ್ತ್ವವನ್ನು ಮನೆಮನೆಗೆ ಹೊತ್ತು ತರುವ ವಾಹನ.

ಆಚಾರ್ಯರ ಚರಿತ್ರೆಯೂ ನಮಗೆ ದೊರೆತಿರುವುದು ನಾರಾಯಣಪಂಡಿತಾಚಾರ್ಯರ 16 ಸರ್ಗಗಳ ಸುಮಧ್ವವಿಜಯವೆಂಬ ಕಾವ್ಯದ ಮೂಲಕ. ಅದನ್ನು ಪಾರಾಯಣ ಮಾಡುವಾಗಲೂ ವೃತ್ತಾಂತವೆಷ್ಟು, ಕಾವ್ಯಾಲಂಕಾರವೆಷ್ಟು ಎಂದು ವಿವೇಚಿಸುವುದು ಭಕ್ತಿಗೆ ಕುಂದಲ್ಲ. ಅದು ಆಚಾರ್ಯರೇ ತೋರಿದ ದಾರಿ.

ಮಾಘ ಶುದ್ಧ ನವಮಿಯಂದು ಮಧ್ವನವಮಿಯನ್ನು ಆಚರಿಸುವಾಗ, ಮನೆಯ ಮಕ್ಕಳು ಪ್ರಶ್ನೆ ಕೇಳಿದರೆ ಹಿರಿಯರು ಗದರದಿರಲಿ. ‘ಲಿಕುಚ’ವೆಂದರೇನೆಂದು ಕೇಳಿದ ಬಾಲಕನನ್ನು ಒಮ್ಮೆ ನೆನೆಯೋಣ.

ಶ್ರೀಕೃಷ್ಣಾರ್ಪಣಮಸ್ತು.