ಮಕ್ಕಳ ಮನೆ ಕಟ್ಟಿದ ತಾಯಿ: ಮರಿಯಾ ಮಾಂಟೆಸ್ಸೊರಿ

ಮಾಂಟೆಸ್ಸೊರಿ ಎಂಬ ಹೆಸರನ್ನು ಶಾಲೆಗಳ ಫಲಕಗಳ ಮೇಲೆ ನಾವೆಲ್ಲ ಓದಿದ್ದೇವೆ. ಅದು ಒಬ್ಬ ಕಥೋಲಿಕ ಮಹಿಳೆಯ ಹೆಸರೆಂದೂ ಆಕೆ ನೊಂದ ತಾಯಿಯೆಂದೂ ಬಲ್ಲವರು ಕಡಿಮೆ.

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಾಲ್ಲೆಯಲ್ಲಿ. ತಂದೆತಾಯಿಗೆ ಒಬ್ಬಳೇ ಮಗಳು. ಮಗಳು ವೈದ್ಯಳಾಗುವುದು ತಂದೆಗೆ ಇಷ್ಟವಿರಲಿಲ್ಲ. ತಾಯಿ ಬೆನ್ನಿಗೆ ನಿಂತರು. 1896ರಲ್ಲಿ ರೋಮಿನಲ್ಲಿ ವೈದ್ಯ ಪದವಿ ಪಡೆದರು. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಆಗ ಹುಚ್ಚಾಸ್ಪತ್ರೆಯಲ್ಲೇ ಕೂಡಿಹಾಕುತ್ತಿದ್ದರು. ಊಟವಾದ ಮೇಲೆ ಆ ಮಕ್ಕಳು ನೆಲದ ಮೇಲಿನ ರೊಟ್ಟಿಚೂರು ಹೆಕ್ಕುತ್ತಿದ್ದರಂತೆ. ಕಾವಲಿನವಳು ಅದನ್ನು ಹೊಟ್ಟೆಬಾಕತನವೆಂದಳು. ಬರಿದಾದ ಆ ಕೋಣೆಯಲ್ಲಿ ಕೈಗೆ ಸಿಗುವ ಆಟದ ವಸ್ತು ಅದೊಂದೇ ಎಂಬುದು ಮರಿಯಾ ಅವರಿಗೆ ಹೊಳೆಯಿತು.

1898ರಲ್ಲಿ, ವಿವಾಹವಾಗದೆಯೇ, ಅವರಿಗೆ ಮಗ ಮಾರಿಯೋ ಹುಟ್ಟಿದ. ಲೋಕದ ಮಾತಿಗೆ ಅಂಜಿ ಕೂಸನ್ನು ಹಳ್ಳಿಯ ಕುಟುಂಬವೊಂದಕ್ಕೆ ಒಪ್ಪಿಸಬೇಕಾಯಿತು. ಆಗಾಗ ಹೋಗಿ ನೋಡಿ ಬರುತ್ತಿದ್ದರು. ತಾನೇ ತಾಯಿ ಎಂದು ಹೇಳುವಂತಿರಲಿಲ್ಲ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಊರ ಮಕ್ಕಳ ಮೇಲೆ ಅವರು ಸುರಿದ ಮಮತೆಯ ಹಿಂದೆ ಈ ಗಾಯವಿತ್ತೆಂದು ನನಗನಿಸುತ್ತದೆ.

1907ರ ಜನವರಿ 6, ಮೂರು ರಾಯರ ಹಬ್ಬದ ದಿನ. ರೋಮಿನ ಸಾನ್ ಲೊರೆಂಜೊ ಎಂಬ ಬಡ ಕೇರಿಯಲ್ಲಿ ಮೊದಲ ಮಕ್ಕಳ ಮನೆ ತೆರೆಯಿತು. ತಂದೆತಾಯಿ ಕೂಲಿಗೆ ಹೋದರೆ ಮಕ್ಕಳು ಮೆಟ್ಟಿಲಲ್ಲಿ ಅಲೆಯುತ್ತ ಗೋಡೆ ಕೆಡಿಸುತ್ತಿದ್ದರು. ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುವವರಿಗೆ ಈ ಚಿಂತೆ ಹೊಸದೇನಲ್ಲ. ಮರಿಯಾ ಅಲ್ಲಿಗೆ ಪುಟ್ಟ ಮೇಜು, ಪುಟ್ಟ ಕುರ್ಚಿ ಮಾಡಿಸಿದರು. ಗುಡಿಸುವುದು, ತಟ್ಟೆ ಇಡುವುದು, ಅಂಗಿಯ ಗುಂಡಿ ಹಾಕುವುದು, ಇವೇ ಪಾಠಗಳಾದವು. ಒಮ್ಮೆ ಸದ್ದಿಲ್ಲದೆ ಮೂಗು ಒರೆಸಿಕೊಳ್ಳುವುದನ್ನು ತೋರಿಸಿಕೊಟ್ಟಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಅದಕ್ಕಾಗಿ ಬೈಸಿಕೊಂಡಿದ್ದರೇ ಹೊರತು ಯಾರೂ ಕಲಿಸಿರಲಿಲ್ಲ!

ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸುತ್ತಿದ್ದರು. ಬರೆಯಿರೆಂದು ಯಾರೂ ಒತ್ತಾಯಿಸಲಿಲ್ಲ. ಒಂದು ದಿನ ತಾರಸಿಯ ಮೇಲೆ ಐದು ವರ್ಷದ ಹುಡುಗನಿಗೆ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬಿಡಿಸಲು ಹೇಳಿದರು. ಬಿಡಿಸಿದವನೇ ತನಗೆ ಬರೆಯಲು ಬರುತ್ತದೆಂದು ಕೂಗುತ್ತ ನೆಲದ ತುಂಬ ಪದಗಳನ್ನು ಬರೆಯತೊಡಗಿದ.

ನಮ್ಮ ತುಮಕೂರು ಸೀಮೆಯ ಮನೆಗಳಲ್ಲಿ ಇದಕ್ಕೆ ಪೇಟೆಯ ಸಾಮಾನು ಬೇಕಿಲ್ಲ. ಅಜ್ಜಿಯ ಪಕ್ಕ ಕೂತು ಅವರೆಕಾಯಿ ಬಿಡಿಸುವ ಮೂರು ವರ್ಷದ ಕೂಸಿನ ಬೆರಳು ಮುಂದೆ ಪೆನ್ಸಿಲ್ ಹಿಡಿಯಲು ಪಳಗುತ್ತಿರುತ್ತದೆ. ಅಳಗುಳಿಮಣೆಯ ಗುಳಿಗಳಿಗೆ ಹುಣಿಸೆಬೀಜ ಹಂಚುವ ಮಗು ಲೆಕ್ಕ ಕಲಿಯುತ್ತಿರುತ್ತದೆ. ಚೆಲ್ಲೀತೆಂದು ಹೆದರಿ ಚೊಂಬು ಕಿತ್ತುಕೊಳ್ಳುವವರು ನಾವು. ಎರಡೂವರೆ ವರ್ಷಕ್ಕೇ ಕಾಪಿ ಬರೆಸುವ ಅವಸರವೂ ನಮ್ಮದೇ.

ವಿಶ್ವಾಸವನ್ನೂ ಹೀಗೆ ಕೈಯಿಂದಲೇ ಕಲಿಸಬಹುದೆಂದು ಮರಿಯಾ ನಂಬಿದ್ದರು. ಸ್ಪೇನಿನ ಬಾರ್ಸಿಲೋನಾದಲ್ಲಿ ಮಕ್ಕಳು ಗೋದಿ ಬಿತ್ತಿ, ದ್ರಾಕ್ಷಿ ಬೆಳೆದು, ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತವೆಂಬುದನ್ನು ಕಣ್ಣಾರೆ ಕಂಡರು. 1918ರಲ್ಲಿ ಜಗದ್ಗುರು 15ನೇ ಬೆನೆಡಿಕ್ಟರು ಮರಿಯಾ ಅವರ ಕಾರ್ಯವನ್ನು ಆಶೀರ್ವದಿಸಿದರು.

ತಾಯಿ ತೀರಿಕೊಂಡ ಮೇಲೆ ಮರಿಯಾ, ಹದಿನೈದರ ಹರೆಯದ ಮಾರಿಯೋನನ್ನು ತಮ್ಮ ಬಳಿಗೆ ಕರೆತಂದಿದ್ದರು. ಆದರೂ ಲೋಕದೆದುರು ಅವನನ್ನು ಮಗನೆನ್ನಲಿಲ್ಲ. 1939ರಲ್ಲಿ ಇಬ್ಬರೂ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಡತೊಡಗಿದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷರು ಮಾರಿಯೋ ಅವರನ್ನು ಶತ್ರುದೇಶದವರೆಂದು ಬಂಧನ ಶಿಬಿರದಲ್ಲಿಟ್ಟರು. ಮರಿಯಾ ಅವರ 70ನೆಯ ಹುಟ್ಟುಹಬ್ಬಕ್ಕೆ ವೈಸ್‌ರಾಯ್ ಅವರಿಂದ ತಂತಿ ಬಂತು. ಉಡುಗೊರೆಯಾಗಿ ಮಗನನ್ನು ಬಿಡುಗಡೆ ಮಾಡಲಾಗಿತ್ತು. ನಲವತ್ತೆರಡು ವರ್ಷ ಬಚ್ಚಿಟ್ಟ ಸಂಬಂಧವನ್ನು ಸರ್ಕಾರದ ಆ ಕಾಗದ ಬಾಯಿಬಿಟ್ಟು ಹೇಳಿತು.

ಮುಂದೆ ತಾಯಿಮಗ ಕೊಡೈಕೆನಾಲಿನ ಬೆಟ್ಟದಲ್ಲಿ ಮಕ್ಕಳೊಂದಿಗೆ ಗಿಡ, ಎಲೆ, ಹುಳುಹುಪ್ಪಟೆಗಳನ್ನು ನೋಡುತ್ತ ಕೆಲಸ ಮುಂದುವರಿಸಿದರು. 1952ರ ಮೇ 6ರಂದು ಹಾಲೆಂಡಿನ ಕಡಲತೀರದ ನೂರ್ಡ್‌ವೈಕ್‌ನಲ್ಲಿ ಮರಿಯಾ ತೀರಿಕೊಂಡರು. ಅಲ್ಲಿನ ಕಥೋಲಿಕ ಸಮಾಧಿಭೂಮಿಯಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಅವರ ಕೆಲಸವನ್ನು ಮುಂದೆ ನಡೆಸಿದವರು ಮಗ ಮಾರಿಯೋ.