ಊರ ಸುದ್ದಿಯನ್ನು ಕಲ್ಲಿಗೆ ಇಳಿಸಿದ ಹರ್ಮನ್ ಮೊಗ್ಲಿಂಗ್

ಘಟ್ಟ ಹತ್ತಿ, ಚಿತ್ರದುರ್ಗ ದಾಟಿ ಬಳ್ಳಾರಿ ಕಡೆ ಹೊರಟರೆ ದಾರಿಯಲ್ಲಿ ಚಳ್ಳಕೆರೆ ಸಿಗುತ್ತದೆ. ಶೇಂಗಾ ಮತ್ತು ಎಣ್ಣೆ ಮಿಲ್ಲುಗಳ ಊರು. ಅದರಿಂದ ಮುಂದೆ ಮೊಳಕಾಲ್ಮೂರು. ಈ ಊರಿನ ಪರಿಚಯವನ್ನು ನಮ್ಮ ಮನೆಯ ಹೆಂಗಸರಿಗೆ ಮಾಡಿಕೊಡಬೇಕಾಗಿಲ್ಲ, ರೇಷ್ಮೆ ಸೀರೆ ಅಂದರೆ ಸಾಕು. ಆದರೆ ಈ ತಾಲೂಕಿನಲ್ಲಿ ಸೀರೆಗಿಂತ ಎಷ್ಟೋ ಹಳೆಯದಾದ ಇನ್ನೊಂದು ಸಂಗತಿ ಇದೆ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿ. ಅಲ್ಲಿನ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು.

ಆ ಶಾಸನ ಶುರುವಾಗುವ ರೀತಿ ನೋಡಿ. ಸುವರ್ಣಗಿರಿಯಲ್ಲಿದ್ದ ರಾಜಪ್ರತಿನಿಧಿ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಮಾತು ಅದು. ಆಜ್ಞೆ ಹೇಳುವ ಮೊದಲು ಅವರ ಆರೋಗ್ಯ ವಿಚಾರಿಸುತ್ತಾನೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಎರಡು ಸಾವಿರ ವರ್ಷಕ್ಕೂ ಹಿಂದೆ, ನಾಲ್ಕು ಜನ ನೋಡುವ ಜಾಗದಲ್ಲಿ ಹಾಕಿದ ನೋಟಿಸು ಅಂತಲೇ ಇಟ್ಟುಕೊಳ್ಳಿ. ಆದರೆ ಅದರಲ್ಲಿ ಒಂದು ಕೊರತೆ ಇದೆ. ಮಾತು ಮೇಲಿನಿಂದ ಕೆಳಗೆ ಬಂತು, ಅಷ್ಟೇ. ಇಸಿಲದ ಬೀದಿಯಲ್ಲಿ ಆ ವಾರ ಏನಾಯಿತು, ಯಾರ ಮನೆಯಲ್ಲಿ ಕಾಯಿಲೆ, ಕಾಳಿನ ಬೆಲೆ ಎಷ್ಟು ಅನ್ನುವುದು ಆ ಬಂಡೆಗೆ ಗೊತ್ತಿಲ್ಲ.

ನಮ್ಮ ನಾಡಿನಲ್ಲಿ ಊರಿನ ಸುದ್ದಿಯನ್ನು ಊರಿನವರಿಗೇ ಕನ್ನಡದಲ್ಲಿ ಅಚ್ಚು ಹಾಕಿ ಕೊಡುವ ಕೆಲಸ ಶುರುವಾಗಲು 1843 ಬರಬೇಕಾಯಿತು. ಅದೂ ಕಲ್ಲಿನ ಮೇಲೆಯೇ ಶುರುವಾಯಿತು. ಶುರುವಾದದ್ದು ನಮ್ಮ ಮಂಗಳೂರಿನಲ್ಲಿ. ಆಮೇಲೆ ಅದು ಹೋಗಿ ಸೇರಿದ್ದು ಮೊಳಕಾಲ್ಮೂರಿನ ನೆರೆಯ ಬಳ್ಳಾರಿಗೆ. ಆ ಕೆಲಸ ಮಾಡಿದವರು ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್. ಪ್ರತಿ ಜುಲೈ 1ರಂದು ಪತ್ರಿಕಾ ದಿನಾಚರಣೆ ಅಂತ ಕಾರ್ಯಕ್ರಮ ಮಾಡುತ್ತೇವಲ್ಲ, ಅದು ಅವರ ಪತ್ರಿಕೆ ಹೊರಬಂದ ದಿನ.

ಬ್ರಾಕೆನ್‌ಹೈಮ್‌ನಿಂದ ಬಲ್ಮಠಕ್ಕೆ

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಓದಿದರು. ಅಲ್ಲಿ ಅವರಿಗೆ ಸಿಕ್ಕಿದ ಗೆಳೆಯ ಹರ್ಮನ್ ಗುಂಡರ್ಟ್. ಈ ಹೆಸರು ಮಲಬಾರಿನ ನಂಟಿರುವ ನಮ್ಮವರಿಗೆ ಹೊಸದಲ್ಲ. ಮುಂದೆ ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳಂ ನಿಘಂಟು ಮಾಡಿದವರು ಇವರೇ. ಒಂದೇ ಕಾಲೇಜಿನ ಇಬ್ಬರು ಗೆಳೆಯರಲ್ಲಿ ಒಬ್ಬರು ಕನ್ನಡದ ಮೊದಲ ಪತ್ರಿಕೆ ತಂದರು. ಇನ್ನೊಬ್ಬರು ನಾಲ್ಕು ವರ್ಷದ ನಂತರ, 1847ರಲ್ಲಿ, ಮಲಯಾಳಂನ ಮೊದಲ ಪತ್ರಿಕೆ ರಾಜ್ಯಸಮಾಚಾರಂ ತಂದರು.

1836ರ ಕೊನೆಗೆ ಮೊಗ್ಲಿಂಗ್ ಬಾಸೆಲ್ ಮಿಷನ್ ಮೂಲಕ ಮಂಗಳೂರಿಗೆ ಬಂದರು. ಬಂದು ಕೆಲವೇ ತಿಂಗಳಾಗಿತ್ತು. 1837ರ ಏಪ್ರಿಲ್‌ನಲ್ಲಿ ಕಲ್ಯಾಣಪ್ಪನ ದಂಡು ಸುಳ್ಯ, ಪುತ್ತೂರು ಕಡೆಯಿಂದ ಇಳಿದು ಮಂಗಳೂರನ್ನು ಹಿಡಿಯಿತು. ಎರಡು ವಾರದ ಹತ್ತಿರ ಹತ್ತಿರ ಊರು ಕಂಪೆನಿ ಸರಕಾರದ ಕೈಯಲ್ಲಿರಲಿಲ್ಲ. ಆಮೇಲೆ ಕಂಪೆನಿಯ ಸೈನ್ಯ ಬಂತು, ಬಂಡಾಯಗಾರರನ್ನು ಗಲ್ಲಿಗೇರಿಸಿದರು. ಅಂಥ ದಿನಗಳಲ್ಲಿ ಪತ್ರಿಕೆ ಇಲ್ಲದ ಊರು ಹೇಗಿದ್ದಿರಬೇಕು? ಯಾರು ಬಂದರು, ಯಾರು ಸತ್ತರು, ಯಾವ ದಾರಿ ಬಂದ್, ಎಲ್ಲವೂ ಬಾಯಿಂದ ಬಾಯಿಗೆ. ಬಂದರಿನಲ್ಲಿ ಒಂದು ಮಾತು, ಕೋರ್ಟು ಗುಡ್ಡೆಯಲ್ಲಿ ಇನ್ನೊಂದು ಮಾತು. ಗಾಳಿಸುದ್ದಿಗೆ ವಾಟ್ಸ್‌ಆಪ್ ಬೇಕಂತಲೇ ಇಲ್ಲ.

ಮೊಗ್ಲಿಂಗ್ ಬಲ್ಮಠದಲ್ಲಿ ಹುಡುಗರಿಗೆ ಪಾಠ ಹೇಳುತ್ತಾ, ಜೊತೆಗೆ ತಾವೂ ಕನ್ನಡ ಕಲಿಯುತ್ತಾ ಹೋದರು. ಕಲಿತದ್ದು ಪುಸ್ತಕದಿಂದ ಮಾತ್ರ ಅಲ್ಲ. ಗಾದೆ, ದಾಸರ ಪದ, ಜನ ಹೇಳುವ ಕತೆ, ಏನು ಸಿಕ್ಕಿದರೂ ಕೂಡಿಸಿಟ್ಟುಕೊಳ್ಳುವ ಅಭ್ಯಾಸ ಅವರದ್ದು.

ಕಲ್ಲಚ್ಚಿನ ನಾಲ್ಕು ಪುಟ

1841ರಲ್ಲಿ ಮಿಷನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರು ಮಾಡಿದರು. ಆಗ ಅಲ್ಲಿ ಕನ್ನಡದ ಅಚ್ಚುಮೊಳೆ ಇರಲಿಲ್ಲ. ಕಲ್ಲಚ್ಚಿನ ಉಪಾಯ ಸುಲಭ. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರಹ ಇಳಿಸುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ಬರಹ ಇಲ್ಲದ ಜಾಗ ನೀರು ಹಿಡಿಯುತ್ತದೆ, ಬರಹ ಇರುವ ಜಾಗ ನೀರನ್ನು ತಳ್ಳುತ್ತದೆ. ಮೇಲೆ ಮಸಿಯ ಉರುಳೆ ಓಡಿಸಿದರೆ ಮಸಿ ಜಿಡ್ಡಿಗೆ ಮಾತ್ರ ಅಂಟುತ್ತದೆ. ಕಾಗದ ಇಟ್ಟು ಒತ್ತಿದರೆ ಒಂದು ಪ್ರತಿ. ಇನ್ನೊಂದು ಬೇಕಾದರೆ ಮತ್ತೆ ನೀರು, ಮತ್ತೆ ಮಸಿ, ಮತ್ತೆ ಒತ್ತು. ಹೀಗೆ ಬಂದ ಹಾಳೆ ಪುಸ್ತಕದ ಅಕ್ಷರದಂತೆ ಇರುವುದಿಲ್ಲ, ಕೈಬರಹದಂತೆಯೇ ಕಾಣುತ್ತದೆ. ನೆರೆಮನೆಯವರು ಬರೆದು ಕಳಿಸಿದ ಕಾಗದದ ಹಾಗೆ.

1843ರ ಜುಲೈ 1ಕ್ಕೆ ಮಂಗಳೂರ ಸಮಾಚಾರದ ಮೊದಲ ಸಂಚಿಕೆ ಬಂತು. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ. ಆ ಹೊತ್ತಿಗೆ ಬಂಗಾಳಿಯಲ್ಲಿ 1818ರಿಂದಲೇ ಪತ್ರಿಕೆ ಇತ್ತು. ಬೊಂಬಾಯಿಯಲ್ಲಿ ಗುಜರಾತಿ ಪತ್ರಿಕೆ 1822ರಿಂದ ನಡೆಯುತ್ತಿತ್ತು. ಕನ್ನಡಕ್ಕೆ ಇದೇ ಮೊದಲು.

ನಾಲ್ಕು ಪುಟದಲ್ಲಿ ಏನೇನಿತ್ತು? ಊರಿನ ವರ್ತಮಾನ ಇತ್ತು. ಕಂಪೆನಿ ಸರಕಾರದ ಆಜ್ಞೆ, ಕಾನೂನುಗಳ ವಿವರ ಇತ್ತು. ಬೇರೆ ರಾಜ್ಯ, ಬೇರೆ ದೇಶಗಳ ಸುದ್ದಿ ಇತ್ತು. ಕೇಳಿದವರು ಬೆರಗಾಗುವಂಥ ಸಂಗತಿಗಳು, ಕತೆ, ಬುದ್ಧಿಮಾತು, ದಾಸರ ಪದಗಳೂ ಇದ್ದವು. ಈಗಿನ ನಮ್ಮ ಪತ್ರಿಕೆಗಳಲ್ಲಿ ಸ್ಥಳೀಯ ಪುಟ, ಸರಕಾರಿ ಪ್ರಕಟಣೆ, ವಿದೇಶ, ಪುರವಣಿ ಅಂತ ಇರುವುದೆಲ್ಲ ಆ ನಾಲ್ಕು ಪುಟದಲ್ಲಿ ಮೊಳಕೆಯಾಗಿ ಇತ್ತು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಕಾನೂನು. ಕಂಪೆನಿಯ ಆಜ್ಞೆಗಳು ಕಚೇರಿಯವರಿಗೆ ಗೊತ್ತಿರುತ್ತಿದ್ದವು. ಬಂದರಿನ ವ್ಯಾಪಾರಿಗೋ ಗದ್ದೆಯ ಒಕ್ಕಲಿಗೋ ಅದು ಗೊತ್ತಾಗುವುದು ದಂಡ ಬಿದ್ದ ಮೇಲೆ. ಅಂಥ ಆಜ್ಞೆ ಅರ್ಥವಾಗುವ ಮಾತಿನಲ್ಲಿ ಬೀದಿಗೆ ಬಂದರೆ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವವನಿಗೆ ಸ್ವಲ್ಪವಾದರೂ ಧೈರ್ಯ ಬರುತ್ತದೆ.

ಇನ್ನೊಂದು, ಭಾಷೆ. ಮಂಗಳೂರಿನಲ್ಲಿ ಮನೆಯೊಳಗಿನ ಮಾತು ಒಬ್ಬರದು ತುಳು, ಒಬ್ಬರದು ಕೊಂಕಣಿ, ನಮ್ಮದು ಬ್ಯಾರಿ. ಆದರೆ ಬರವಣಿಗೆಗೆ, ಲೆಕ್ಕಪತ್ರಕ್ಕೆ, ಕಚೇರಿಗೆ ಕನ್ನಡ. ಮೊಗ್ಲಿಂಗ್ ಪತ್ರಿಕೆಗೆ ಆರಿಸಿಕೊಂಡದ್ದು ಈ ನಡುಮನೆಯ ಭಾಷೆಯನ್ನು. ಯಾರ ಒಳಮನೆಯ ಭಾಷೆಯೂ ಅಲ್ಲದ್ದರಿಂದಲೇ ಅದು ಎಲ್ಲರೂ ಬಂದು ಕೂರಬಹುದಾದ ಜಾಗವಾಯಿತು. ಇವತ್ತಿಗೂ ನಾವು ಮನೆಯಲ್ಲಿ ಬ್ಯಾರಿ ಮಾತಾಡಿ ಕನ್ನಡ ಪತ್ರಿಕೆ ಓದುವುದು ಹೀಗೆಯೇ ಅಲ್ಲವೇ?

ಸುದ್ದಿ ತರುವವನೇ ಸುದ್ದಿಯಾದಾಗ

ಮೊಗ್ಲಿಂಗ್ ಪತ್ರಿಕೆ ಮಾಡಲು ಅಂತ ಬಂದವರಲ್ಲ. ಅವರು ಮಿಷನರಿ, ಮತ ಬೋಧನೆಗೆ ಬಂದವರು. ಅದನ್ನು ಮುಚ್ಚಿಟ್ಟು ಅವರ ಜೀವನ ಹೇಳಿದರೆ ಅದು ಸತ್ಯವಾಗುವುದಿಲ್ಲ. ಊರಿನ ಹಿಂದೂಗಳಿಗೂ ಮುಸ್ಲಿಮರಿಗೂ ಅವರ ಬಗ್ಗೆ ಅನುಮಾನ ಇದ್ದಿದ್ದರೆ ಅದರಲ್ಲಿ ತಪ್ಪು ಹುಡುಕುವಂತಿಲ್ಲ.

1844ರ ಆರಂಭದಲ್ಲಿ ಅವರ ಹತ್ತಿರ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತ ಮತಕ್ಕೆ ಸೇರಿದರು. ಜೊತೆಗೆ ಇನ್ನು ಕೆಲವರು. ಊರಿನಲ್ಲಿ ದೊಡ್ಡ ಗಲಾಟೆ ಎದ್ದಿತು. ಮನೆಯವರ ಕಣ್ಣೀರು, ಊರವರ ಸಿಟ್ಟು, ಎಲ್ಲ ಬಲ್ಮಠದ ಕಡೆ ತಿರುಗಿತು. ಪತ್ರಿಕೆಗೆ ಆಗ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ನೆರೆಹೊರೆಯ ಪತ್ರಿಕೆ ನಡೆಸುವ ಯಾರಿಗಾದರೂ ಇದು ಕಠಿಣ ಪರೀಕ್ಷೆ. ನಿನ್ನೆವರೆಗೆ ಊರಿನ ಸುದ್ದಿ ಹೇಳುತ್ತಿದ್ದವರು ಇವತ್ತು ತಾವೇ ಊರಿನ ಜಗಳದ ಒಂದು ಪಕ್ಷ. ಅಂಥವರ ಹಾಳೆಯನ್ನು ಎದುರು ಪಕ್ಷದ ಮನೆಯವರು ಯಾವ ಮನಸ್ಸಿನಿಂದ ಕೈಗೆತ್ತಿಕೊಳ್ಳಬೇಕು? ಬರೆದದ್ದು ನಿಜವೇ ಇರಬಹುದು, ನಂಬಿಕೆ ಬೇರೆ ಮಾತು. ಕಾಗದ, ಮಸಿ, ಕಲ್ಲು ಎಲ್ಲವೂ ದುಡ್ಡಿಗೆ ಸಿಗುತ್ತವೆ, ನೆರೆಯವನ ನಂಬಿಕೆ ಹಾಗೆ ಸಿಗುವುದಿಲ್ಲ. ಮೊಗ್ಲಿಂಗ್ ಬದುಕಿನಲ್ಲಿ ಈ ಎರಡೂ ಇವೆ. ಊರನ್ನು ಒಟ್ಟು ಸೇರಿಸುವ ಹಾಳೆಯೂ ಅವರದೇ, ಊರನ್ನು ಇಬ್ಭಾಗ ಮಾಡಿದ ಪ್ರಸಂಗವೂ ಅವರದೇ.

ಬಳ್ಳಾರಿಗೆ ಹೋದ ಪತ್ರಿಕೆ

ಎಂಟು ತಿಂಗಳು ಮಂಗಳೂರಿನಲ್ಲಿ ನಡೆದ ಪತ್ರಿಕೆ 1844ರಲ್ಲಿ ಬಳ್ಳಾರಿಗೆ ಹೋಯಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರ ಮುದ್ರಣಾಲಯ ಇತ್ತು, ಅಚ್ಚುಮೊಳೆ ಇತ್ತು. ಕಲ್ಲಿನ ಮೇಲೆ ಒಂದೊಂದೇ ಪ್ರತಿ ಒತ್ತುವ ಕಷ್ಟ ಅಲ್ಲಿ ಇಲ್ಲ. ಕನ್ನಡ ಬಲ್ಲ ಬೇರೆ ಸೀಮೆಯವರಿಗೂ ತಲುಪಿಸಬಹುದು. ಪತ್ರಿಕೆಯ ಹೆಸರೂ ಬದಲಾಯಿತು. ಮಂಗಳೂರ ಸಮಾಚಾರ ಹೋಗಿ ಕನ್ನಡ ಸಮಾಚಾರ ಆಯಿತು.

ಲೆಕ್ಕಕ್ಕೆ ಇದು ಬೆಳವಣಿಗೆಯೇ. ಒಂದು ಊರಿನ ಪತ್ರಿಕೆ ಇಡೀ ಕನ್ನಡ ನಾಡಿನದ್ದಾಗಲು ಹೊರಟಿತು. ಆದರೆ ಹೆಸರಿನಿಂದ ಊರು ಬಿದ್ದುಹೋಯಿತು. ಕರಾವಳಿಯ ಬಂದರಿನ ಸುದ್ದಿಗೆ ಬಳ್ಳಾರಿಯ ಬಯಲಿನವರು ಯಾಕೆ ಕಾಯಬೇಕು? ಬಳ್ಳಾರಿಯಲ್ಲಿ ಅಚ್ಚಾದ ಹಾಳೆಗೆ ಮಂಗಳೂರಿನ ನಾಲ್ಕು ಬೀದಿಯ ಸಂಗತಿ ಎಷ್ಟು ಗೊತ್ತಾಗಬೇಕು? ಬಳ್ಳಾರಿಯ ಪತ್ರಿಕೆಯೂ ಬಹುಕಾಲ ಬಾಳಲಿಲ್ಲ. ಹಾಳೆ ದೊಡ್ಡದಾದಷ್ಟೂ ನೆರೆಮನೆ ಸಣ್ಣದಾಗುತ್ತದೆ ಅನ್ನುವುದು ಕನ್ನಡದ ಮೊದಲ ಪತ್ರಿಕೆಯಲ್ಲಿಯೇ ಕಂಡುಬಂದ ಸಂಗತಿ.

ಕೊನೆಯ ವರ್ಷಗಳು

ಪತ್ರಿಕೆ ನಿಂತರೂ ಮೊಗ್ಲಿಂಗ್ ಕೈಕಟ್ಟಿ ಕೂರಲಿಲ್ಲ. ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆ ಜೊತೆಗೂಡಿ ತಾಳೆಗರಿಯಲ್ಲಿದ್ದ ಹಳೆಯ ಕನ್ನಡ ಕೃತಿಗಳನ್ನು ಹುಡುಕಿಸಿದರು. ನ್ಯಾಯಾಧೀಶರಾಗಿದ್ದ ಕಾಸಮೇಜರ್ ಹಣ ಕೊಟ್ಟರು. 1848ರಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳಂಥವು ಅಚ್ಚಾದವು. ಮಿಷನರಿಯೊಬ್ಬರು ತಮ್ಮ ಮತದ್ದಲ್ಲದ ಪುಸ್ತಕಗಳಿಗೆ ಇಷ್ಟು ಬೆವರು ಸುರಿಸಿದ್ದು ಸಣ್ಣ ಮಾತಲ್ಲ. 1850ರ ದಶಕದಲ್ಲಿ ಮಂಗಳೂರಿನ ಮುದ್ರಣಾಲಯಕ್ಕೂ ಒಳ್ಳೆಯ ಅಚ್ಚುಮೊಳೆ ಬಂತು. ಪತ್ರಿಕೆ ಮಾತ್ರ ಅಷ್ಟರಲ್ಲಿ ಹೋಗಿಯಾಗಿತ್ತು.

ಆಮೇಲೆ ಅವರು ಕೊಡಗಿಗೆ ಹೋದರು. ಕೊಡಗಿನ ಬಗ್ಗೆ 1855ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ವೈಗ್ಲೆ ತೀರಿಕೊಂಡ ಮೇಲೆ ಅವರ ಪತ್ನಿ ಪಾಲೀನಾರನ್ನು ಮದುವೆಯಾದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಪತ್ನಿಯ ಅನಾರೋಗ್ಯದಿಂದಾಗಿ ಜರ್ಮನಿಗೆ ಮರಳಿದರು. ಮತ್ತೆ ಈ ಕಡೆ ಬರಲಾಗಲಿಲ್ಲ. ಅಲ್ಲಿದ್ದುಕೊಂಡೇ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು, ಕಿಟೆಲ್ ಅವರ ಕನ್ನಡ ನಿಘಂಟಿಗೆ ಬೆಂಬಲವಾಗಿ ನಿಂತರು. ಆ ನಿಘಂಟು 1894ರಲ್ಲಿ ಹೊರಬಂತು. ಅದನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ, 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ನಮ್ಮ ಮೊಹಲ್ಲಾಕ್ಕೆ ಎಷ್ಟು ದೂರ?

ನಮ್ಮವರು ಬೇಕರಿ, ಹೋಟೆಲು, ಬಟ್ಟೆ ವ್ಯಾಪಾರ ಅಂತ ಘಟ್ಟ ಹತ್ತಿ ಎಲ್ಲೆಲ್ಲೋ ನೆಲೆಸಿದ್ದಾರೆ. ಅಂಥ ಊರುಗಳಲ್ಲಿ ನಾಲ್ಕು ಮನೆಯವರಿಗೆ ಇನ್ನು ನಾಲ್ಕು ಮನೆಯ ಸುದ್ದಿ ಗೊತ್ತಾಗುವುದು ಮದುವೆಗೋ ಮಯ್ಯತ್ತಿಗೋ ಸೇರಿದಾಗ ಮಾತ್ರ. ಊರಲ್ಲೇ ಇರುವ ನಮಗೂ ದುಬೈಯ ಸುದ್ದಿ ನಿಮಿಷದಲ್ಲಿ ತಿಳಿಯುತ್ತದೆ, ಹಿಂದಿನ ಗಲ್ಲಿಯ ಮುದುಕಿ ಆಸ್ಪತ್ರೆ ಸೇರಿದ್ದು ತಿಳಿಯುವುದಿಲ್ಲ.

ತಿಂಗಳಿಗೊಂದು ಹಾಳೆ, ಎರಡೇ ಪುಟ. ಸ್ಕಾಲರ್‌ಶಿಪ್ ಅರ್ಜಿಯ ಕೊನೆ ದಿನ, ರೇಷನ್ ಕಾರ್ಡು ತಿದ್ದುಪಡಿಯ ನಿಯಮ, ರಕ್ತ ಬೇಕಾದವರ ವಿಷಯ, ಬಾಡಿಗೆಗೆ ಮನೆ, ಪಾಸಾದ ಮಕ್ಕಳ ಹೆಸರು. ಪಕ್ಕದ ಬೀದಿಯ ಹಿಂದೂ, ಕ್ರೈಸ್ತ ಮನೆಗಳಿಗೂ ಒಂದೊಂದು ಪ್ರತಿ. ಕಲ್ಲು ಉಜ್ಜುವ ಕಷ್ಟ ಈಗಿಲ್ಲ, ಝೆರಾಕ್ಸ್ ಅಂಗಡಿ ಪ್ರತಿ ಬೀದಿಯಲ್ಲಿದೆ. ಬೇಕಾದದ್ದು ಪಕ್ಷ ಕಟ್ಟದೆ ಬರೆಯುವ ಒಬ್ಬರು, ಮನೆ ಮನೆಗೆ ಮುಟ್ಟಿಸುವ ಇಬ್ಬರು ಹುಡುಗರು. ಮೊದಲ ಸಾಲಿಗೆ ಏನು ಹಾಕುವುದು ಅಂತ ಯೋಚನೆ ಬಂದರೆ ಮೊಳಕಾಲ್ಮೂರಿನ ಆ ಬಂಡೆಯನ್ನು ನೆನಪಿಸಿಕೊಳ್ಳಿ. ಬೇರೆ ವಿಷಯಕ್ಕೆ ಹೋಗುವ ಮೊದಲು ಆರೋಗ್ಯ ವಿಚಾರಿಸಿದರೆ ಆಯಿತು.