ಆಚರಣೆಯ ಮೂಲವನ್ನರಸಿದ ವಿದುಷಿ: ಜೇನ್ ಎಲೆನ್ ಹ್ಯಾರಿಸನ್

ಪ್ರಾಚೀನ ಗ್ರೀಕರ ಧರ್ಮವೆಂದೊಡನೆ ಅವರ ದೇವತೆಗಳ ಕಥೆಗಳು ನೆನಪಿಗೆ ಬರುವುದು ಸಹಜ. ಜನರು ಹೇಳಿದ ಕಥೆಗಿಂತ ಮೊದಲು ಅವರು ಮಾಡಿದ ಆಚರಣೆಯನ್ನು ನೋಡಬೇಕೆಂದು ವಿದ್ವಲ್ಲೋಕಕ್ಕೆ ಮನಗಾಣಿಸಿದವರಲ್ಲಿ ಇಂಗ್ಲೆಂಡಿನ ಜೇನ್ ಎಲೆನ್ ಹ್ಯಾರಿಸನ್ ಅಗ್ರಗಣ್ಯರು.

ಹ್ಯಾರಿಸನ್ನರು 1850ರಲ್ಲಿ ಯಾರ್ಕ್‌ಷೈರಿನ ಕಾಟಿಂಗ್‌ಹ್ಯಾಮ್‌ನಲ್ಲಿ ಜನಿಸಿದರು. ಶೈಶವದಲ್ಲಿಯೇ ಮಾತೃವಿಯೋಗವನ್ನನುಭವಿಸಿದ ಅವರು ಬಾಲ್ಯದ ಪಾಠಗಳನ್ನು ಕಲಿತದ್ದು ಮನೆಯಲ್ಲಿ. 1874ರಲ್ಲಿ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಮಹಿಳಾ ಕಾಲೇಜನ್ನು ಸೇರಿ, 1879ರಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯದ ಅಂತಿಮ ಪರೀಕ್ಷೆಯಲ್ಲಿ ದ್ವಿತೀಯ ದರ್ಜೆ ಪಡೆದರು. ಆದರೆ ಪದವಿ ದೊರೆಯಲಿಲ್ಲ. ಆ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪೂರ್ಣ ಪದವಿ ನೀಡತೊಡಗಿದ್ದು 1948ರಲ್ಲಿ.

ಅನಂತರ ಅವರು ಲಂಡನ್ನಿನಲ್ಲಿ ಪುರಾತತ್ತ್ವವನ್ನು ಅಭ್ಯಸಿಸಿ, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗ್ರೀಕ್ ಕಲೆಯನ್ನು ಕುರಿತು ಉಪನ್ಯಾಸಗಳನ್ನಿತ್ತು ಖ್ಯಾತರಾದರು. ಅಲ್ಲಿನ ಯೂನಿವರ್ಸಿಟಿ ಕಾಲೇಜಿನ ಪುರಾತತ್ತ್ವ ಪ್ರಾಧ್ಯಾಪಕ ಪೀಠಕ್ಕೆ 1888ರಲ್ಲಿ ಒಮ್ಮೆ, 1896ರಲ್ಲಿ ಮತ್ತೊಮ್ಮೆ ಪ್ರಯತ್ನಿಸಿದರು. ಎರಡು ಸಲವೂ ಆ ಪೀಠವು ಪುರುಷ ವಿದ್ವಾಂಸರ ಪಾಲಾಯಿತು. ಕೊನೆಗೆ 1898ರಲ್ಲಿ ನ್ಯೂನ್‌ಹ್ಯಾಮ್ ಕಾಲೇಜೇ ತನ್ನ ಹಳೆಯ ವಿದ್ಯಾರ್ಥಿನಿಯನ್ನು ಸಂಶೋಧನೆಗಾಗಿ ಬರಮಾಡಿಕೊಂಡಿತು. ಆಗ ಅವರಿಗೆ ನಲವತ್ತೆಂಟರ ಆಸುಪಾಸಿನ ವಯಸ್ಸು.

ಈ ಆಶ್ರಯದ ಫಲವೇ 1903ರಲ್ಲಿ ಪ್ರಕಟವಾದ, ಗ್ರೀಕ್ ಧರ್ಮದ ಅಧ್ಯಯನಕ್ಕೆ ಪೀಠಿಕಾರೂಪವಾದ ಬೃಹದ್ಗ್ರಂಥ. ಅಥೆನ್ಸಿನ ಡಯಾಸಿಯಾ ಹಬ್ಬವು ಜ್ಯೂಸ್ ದೇವನ ಹೆಸರಿನಲ್ಲಿ ನಡೆಯುತ್ತಿತ್ತು. ಆದರೆ ಅಲ್ಲಿ ಸಂಭ್ರಮದ ಬದಲು ವಿಷಾದ ಕವಿದಿರುತ್ತಿತ್ತು. ಆ ದೇವನಿಗೆ ಹರಕೆಯಾಗಿ ಸಂದ ಕೆಲವು ಶಿಲಾಫಲಕಗಳಲ್ಲಿ ಆಕಾಶದೇವನ ರೂಪವಿರಲಿಲ್ಲ, ಹೆಡೆಯೆತ್ತಿದ ಮಹಾಸರ್ಪವಿತ್ತು. ಪೂರ್ವಕಾಲದ ಪಾತಾಳಶಕ್ತಿಯ ಆರಾಧನೆಯ ಮೇಲೆ ಜ್ಯೂಸನ ನಾಮವು ತರುವಾಯ ಬಂದು ಕುಳಿತಿತೆಂದು ಹ್ಯಾರಿಸನ್ನರು ನಿರ್ಣಯಿಸಿದರು. ಮದ್ಯದ ಭಾಂಡಗಳನ್ನು ತೆರೆಯುವ ಆಂಥೆಸ್ಟೀರಿಯಾ ಹಬ್ಬದ ಅಂತರಾಳದಲ್ಲಿಯೂ ಪ್ರೇತಗಳನ್ನು ತಣಿಸಿ ಹಿಂದೆ ಕಳುಹಿಸುವ ಕ್ರಿಯೆಯನ್ನು ಕಂಡರು. ದೇವರ ಹೆಸರು ಬದಲಾದರೂ ಕೈಯ ಕ್ರಿಯೆ ಹಳೆಯದನ್ನು ಉಳಿಸಿಕೊಳ್ಳುತ್ತದೆಂಬುದು ಅವರ ಶೋಧದ ತಿರುಳು.

ಕೀರ್ತಿ ಬಂದ ಮೇಲೂ ಅವರು ಅದೇ ನೆಲೆಯಲ್ಲಿ ನಿಲ್ಲಲಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮರ ವಿಚಾರಗಳನ್ನು ಅರಗಿಸಿಕೊಂಡು, 1912ರ ‘ಥೆಮಿಸ್’ ಗ್ರಂಥದಲ್ಲಿ ಧರ್ಮದ ಉಗಮವನ್ನು ಸಮುದಾಯದ ಸಾಮೂಹಿಕ ಭಾವದಲ್ಲಿ ಅರಸಿದರು. ಅವರ ಕೆಲವು ಸಿದ್ಧಾಂತಗಳನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಆದರೆ ಅವರೆತ್ತಿದ ಪ್ರಶ್ನೆಯನ್ನು ಬದಿಗೊತ್ತಲು ಯಾರಿಂದಲೂ ಆಗಲಿಲ್ಲ. ಪ್ರಥಮ ಮಹಾಯುದ್ಧದ ಕಾಲದಲ್ಲಿ, ಅರವತ್ತು ದಾಟಿದ ಮೇಲೆ, ರಷ್ಯನ್ ಭಾಷೆಯ ವ್ಯಾಸಂಗಕ್ಕೆ ತೊಡಗಿ ಅದನ್ನು ಬೋಧಿಸಿದರು.

1922ರಲ್ಲಿ ಕೇಂಬ್ರಿಜನ್ನು ಬಿಡುವಾಗ ತಮ್ಮ ಪತ್ರಗಳನ್ನು ಸುಟ್ಟುಹಾಕಿದ ಹ್ಯಾರಿಸನ್ನರು 1928ರಲ್ಲಿ ಲಂಡನ್ನಿನಲ್ಲಿ ನಿಧನ ಹೊಂದಿದರು. ಪದವಿಯ ಮುದ್ರೆಯಿಲ್ಲದೆಯೂ ವಿದ್ಯೆ ಬೆಳಗಿತು ನಿಜ. ಆದರೆ ಒಂದು ವಿದ್ಯಾಸಂಸ್ಥೆ ಸಕಾಲದಲ್ಲಿ ಆಸರೆಯಾಗದಿದ್ದರೆ ಆ ಬೆಳಕು ಇಷ್ಟು ದೂರ ಹರಡುತ್ತಿತ್ತೇ ಎಂಬುದು ಚಿಂತನಾರ್ಹ.